ಕೂಸಿನ ಉಸಿರು, ಗುರುವಾರದ ಲಸಿಕೆ: ಓದುಗರ ಪ್ರಶ್ನೆಗೆ ಮಕ್ಕಳ ವೈದ್ಯರ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಪುಟ್ಟ ಮಕ್ಕಳ ಕೆಮ್ಮು, ಉಬ್ಬಸ ಮತ್ತು ಲಸಿಕೆಯವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ನನ್ನ ಮಗುವಿಗೆ ಏಳು ತಿಂಗಳು. ನಾಲ್ಕು ದಿನದಿಂದ ಕೆಮ್ಮು, ಮೂಗು ಕಟ್ಟಿದೆ. ಮಲಗಿಸಿದರೆ ಗೊರಗೊರ ಸದ್ದು. ನಮ್ಮತ್ತೆ "ಹಲ್ಲು ಬರೋ ಕಾಲ, ಕಫ ತಾನಾಗೇ ಇಳಿಯುತ್ತೆ" ಅಂತಾರೆ. ನ್ಯುಮೋನಿಯಾ ಆಗಿದ್ದರೆ ಮನೆಯಲ್ಲೇ ಗೊತ್ತಾಗುವುದು ಹೇಗೆ?
— ಒಬ್ಬ ತಾಯಿ, ಗೌರಿಬಿದನೂರು ತಾಲ್ಲೂಕು

ಗೊರಗೊರ ಸದ್ದು ಕೇಳಿ ಹೆದರುವವರೇ ಹೆಚ್ಚು. ಆದರೆ ಆ ಸದ್ದು ಬಹುಪಾಲು ಸಲ ಬರುವುದು ಮೂಗು ಮತ್ತು ಗಂಟಲಲ್ಲಿ ನಿಂತ ಸಿಂಬಳದಿಂದ. ಈ ವಯಸ್ಸಿನ ಮಗುವಿಗೆ ಅದನ್ನು ಮೂಗಿನಿಂದ ಊದಿ ಹೊರಹಾಕಲು ಬರುವುದಿಲ್ಲ. ಸದ್ದೇ ಇಲ್ಲದೆ, ಕೆಮ್ಮೂ ಅಷ್ಟಾಗಿ ಇಲ್ಲದೆ, ಬೇಗ ಬೇಗ ಉಸಿರಾಡುತ್ತಾ ಸುಮ್ಮನೆ ಮಲಗಿರುವ ಮಗುವೇ ನಿಜವಾಗಿ ಅಪಾಯದಲ್ಲಿರಬಹುದು. ಶ್ವಾಸಕೋಶದಲ್ಲಿ ಸೋಂಕು ಇಳಿದು ಗಾಳಿಯ ಚೀಲಗಳಲ್ಲಿ ಕೀವು, ನೀರು ತುಂಬಿದಾಗ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಆ ಕೊರತೆ ತುಂಬಿಕೊಳ್ಳಲು ಮಗು ಉಸಿರಿನ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ನೀವು ಎಣಿಸಬೇಕಾದದ್ದು ಉಸಿರು.

ಮಗು ಅಳದೆ, ಹಾಲು ಕುಡಿಯದೆ, ಶಾಂತವಾಗಿರುವಾಗ ಎಣಿಸಿ. ನಿದ್ದೆ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು. ಅಂಗಿಯನ್ನು ಎದೆಯವರೆಗೆ ಎತ್ತಿ, ಬೆಳಕಿನಲ್ಲಿ ಹೊಟ್ಟೆಯನ್ನೂ ಎದೆಯ ಕೆಳಭಾಗವನ್ನೂ ನೋಡಿ. ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ ಒಂದು ನಿಮಿಷಕ್ಕೆ ಟೈಮರ್ ಇಟ್ಟು ಪೂರ್ತಿ ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹಸುಗೂಸುಗಳು ನಡುನಡುವೆ ಕೆಲವು ಸೆಕೆಂಡ್ ಉಸಿರು ನಿಲ್ಲಿಸಿ ಮತ್ತೆ ಬೇಗ ಬೇಗ ಆಡುತ್ತವೆ. ಎಣಿಕೆ ಮರೆಯುತ್ತದೆ ಎನ್ನುವವರು ಹತ್ತು ಉಸಿರಿಗೆ ಒಂದು ಬೆರಳು ಮಡಚುತ್ತಾ ಹೋಗಿ. 2 ತಿಂಗಳು ತುಂಬಿದ, ವರ್ಷ ತುಂಬದ ಮಗುವಿಗೆ ನಿಮಿಷ ಮುಗಿಯುವಷ್ಟರಲ್ಲಿ ಒಂದು ಕೈಯ ಐದೂ ಬೆರಳು ಮಡಚಿದ್ದರೆ, ಅಂದರೆ 50 ಅಥವಾ ಅದಕ್ಕಿಂತ ಹೆಚ್ಚಾದರೆ, ಅದು ವೇಗದ ಉಸಿರಾಟ. 1ರಿಂದ 5 ವರ್ಷದವರಿಗೆ ಈ ಗಡಿ 40, ನಾಲ್ಕು ಬೆರಳು. 2 ತಿಂಗಳೂ ತುಂಬದ ಕೂಸಿಗೆ 60. ಜ್ವರ ಜೋರಾಗಿದ್ದಾಗಲೂ ಉಸಿರು ಏರುವುದರಿಂದ, ಜ್ವರ ಇಳಿದ ಮೇಲೆ ಮತ್ತೊಮ್ಮೆ ಎಣಿಸಿ. ಆಗಲೂ ಗಡಿ ದಾಟಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಎಣಿಸುತ್ತಿರುವಾಗಲೇ ಪಕ್ಕೆಗಳ ಕೆಳಗಿನ ಅಂಚನ್ನು ಗಮನಿಸಿ. ಉಸಿರು ಒಳಗೆ ಎಳೆದುಕೊಂಡಾಗ ಹೊಟ್ಟೆ ಮತ್ತು ಎದೆ ಎರಡೂ ಉಬ್ಬಬೇಕು. ಹೊಟ್ಟೆ ಉಬ್ಬಿ, ಎದೆಯ ಕೆಳಭಾಗ ಒಳಕ್ಕೆ ಗುಳಿ ಬಿದ್ದರೆ ಅದೇ ಪಕ್ಕೆ ಸೆಳೆತ. ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವುದು, ಉಸಿರಿಗೆ ತಕ್ಕಂತೆ ತಲೆ ಅಲ್ಲಾಡುವುದು ಇವೂ ಮಗು ಉಸಿರಿಗಾಗಿ ಕಷ್ಟಪಡುತ್ತಿರುವ ಗುರುತುಗಳೇ. ಹಾಲು ಕುಡಿಯಲು ಆಗದಿರುವುದು, ಕುಡಿದದ್ದನ್ನೆಲ್ಲ ವಾಂತಿ ಮಾಡುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಫಿಟ್ಸ್, ತುಟಿ ಅಥವಾ ನಾಲಗೆ ನೀಲಿಯಾಗುವುದು, ಶಾಂತವಾಗಿದ್ದಾಗಲೂ ಗಂಟಲಿನಿಂದ ಕೀರಲು ಸದ್ದು: ಇವುಗಳಲ್ಲಿ ಒಂದೇ ಒಂದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ 108ಕ್ಕೆ ಫೋನ್ ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ಬರೀ ಜ್ವರ ಬಂದರೂ, ಮೈ ತಣ್ಣಗಾದರೂ, ಹಾಲು ಕಡಿಮೆ ಮಾಡಿದರೂ ಆಸ್ಪತ್ರೆಗೇ ಕರೆದೊಯ್ಯಬೇಕು.

ದೊಡ್ಡವರ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮನೆಯಲ್ಲಿದ್ದರೂ ಕೂಸಿನ ಬೆರಳಿಗೆ ನಂಬಬೇಡಿ. ಅದಕ್ಕೆ ಪಾದಕ್ಕೆ ಸುತ್ತುವ ಮಕ್ಕಳ ಪ್ರೋಬ್ ಬೇಕು. ಅದರಲ್ಲಿ ಅಂಕಿ 90ಕ್ಕಿಂತ ಕಡಿಮೆ ಬಂದರೆ ಆಮ್ಲಜನಕ ಕೊಡಲೇಬೇಕು. ಇಂಥ ಹೊತ್ತಿನಲ್ಲಿ ನೇರ ಬೆಂಗಳೂರಿಗೇ ಹೋಗೋಣ ಎಂದು ಬಾಡಿಗೆ ಕಾರು ಹುಡುಕುತ್ತಾ ಕೂರುವುದು ದೊಡ್ಡ ತಪ್ಪು. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿಸಿ, ಮೊದಲ ಡೋಸ್ ಔಷಧಿ ಕೊಡಿಸಿ, ಅಲ್ಲಿಂದ ಆಮ್ಲಜನಕವಿರುವ ಆಂಬುಲೆನ್ಸಿನಲ್ಲಿ ಮುಂದೆ ಕಳಿಸುವುದು ಸರಿಯಾದ ಕ್ರಮ. ದಾರಿಯಲ್ಲಿ ಏದುಸಿರು ಬಿಡುತ್ತಿರುವ ಮಗುವಿಗೆ ಬಲವಂತವಾಗಿ ಹಾಲು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಅಪಾಯದ ಗುರುತಿಲ್ಲದ ನ್ಯುಮೋನಿಯಾಕ್ಕೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 5 ದಿನ ಬರೆಯುತ್ತಾರೆ. ಪುಡಿಯ ಬಾಟಲಿ ಕೊಟ್ಟರೆ ಕುದಿಸಿ ಆರಿಸಿದ ನೀರನ್ನು ಮೊದಲು ಅರ್ಧ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗೆರೆಯವರೆಗೆ ತುಂಬಿಸಿ ಮತ್ತೆ ಕುಲುಕಬೇಕು. ನೊರೆಯನ್ನೇ ಗೆರೆ ಎಂದುಕೊಂಡು ನೀರು ಕಡಿಮೆ ಹಾಕಿದರೆ ಔಷಧಿ ಗಟ್ಟಿಯಾಗಿ ಪ್ರಮಾಣ ಹೆಚ್ಚಾಗುತ್ತದೆ. ಪ್ರತಿ ಸಲವೂ ಕುಲುಕಿಯೇ ಕೊಡಿ. ಎರಡನೇ ದಿನಕ್ಕೇ ಮಗು ಆಡತೊಡಗಿದರೂ ಐದು ದಿನ ಮುಗಿಸಿ. ಎರಡು ದಿನವಾದರೂ ಉಸಿರಿನ ವೇಗ ಇಳಿಯದಿದ್ದರೆ ವಾಪಸ್ ತೋರಿಸಿ. ಕಳೆದ ಸಲ ಉಳಿದ ಬಾಟಲಿಯನ್ನು ಮಾತ್ರ ಎತ್ತಿಕೊಳ್ಳಬೇಡಿ.

ಅತ್ತೆಯವರ ಮಾತಿಗೆ ಒಂದು ವಿವರಣೆ: ಹಲ್ಲು ಮೂಡುವಾಗ ಜೊಲ್ಲು ಸುರಿಯುತ್ತದೆ, ವಸಡು ನೋಯುತ್ತದೆ. ಅದರಿಂದ ಉಸಿರು 50 ದಾಟುವುದಿಲ್ಲ.

ಹದಿನಾಲ್ಕನೇ ವಾರದ ಲಸಿಕೆಗೆ ಹೋಗುವ ದಿನ ಮಗುವಿಗೆ ನೆಗಡಿ ಇತ್ತು. ಹಾಕಿಸದೆ ಬಂದೆವು. ಆಮೇಲೆ ಊರಹಬ್ಬ, ಮದುವೆ ಅಂತ ಎರಡು ತಿಂಗಳಾಯಿತು. ಈಗ ಮೊದಲಿನಿಂದ ಶುರು ಮಾಡಬೇಕೆ?
— ಗುಬ್ಬಿ ತಾಲ್ಲೂಕಿನಿಂದ

ಬೇಡ. ಹಾಕಿದ ಡೋಸ್ ವ್ಯರ್ಥವಾಗುವುದಿಲ್ಲ. ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸುತ್ತಾರೆ. ಐದು ರೋಗ ತಡೆಯುವ ಪೆಂಟಾ ಲಸಿಕೆಯ ಎರಡು ಡೋಸ್‌ಗಳ ನಡುವೆ ಕನಿಷ್ಠ 4 ವಾರ ಇರಬೇಕು, ಹೆಚ್ಚಾದರೆ ತೊಂದರೆಯಿಲ್ಲ. ಆದರೆ ಆ ಎರಡು ತಿಂಗಳು ಮಗು ಅರೆಬರೆ ರಕ್ಷಣೆಯಲ್ಲಿತ್ತು. ಲಸಿಕೆಯ ದಿನವಾದ ಬರುವ ಗುರುವಾರವೇ ತಾಯಿ ಕಾರ್ಡ್ ಹಿಡಿದು ಅಂಗನವಾಡಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಿ.

ನೆಗಡಿ, ಸಣ್ಣ ಕೆಮ್ಮು, ಮೈ ಬಿಸಿ, ಸ್ವಲ್ಪ ಭೇದಿ, ಆಂಟಿಬಯೊಟಿಕ್ ಕುಡಿಯುತ್ತಿರುವುದು, ತೂಕ ಕಡಿಮೆ ಇರುವುದು, ಅವಧಿಗೆ ಮೊದಲೇ ಹುಟ್ಟಿರುವುದು ಇವು ಯಾವುವೂ ಲಸಿಕೆಗೆ ಅಡ್ಡಿಯಲ್ಲ. ಅವಧಿಪೂರ್ವ ಮಗುವಿಗೂ ಹುಟ್ಟಿದ ದಿನದಿಂದಲೇ ವಾರ ಎಣಿಸುತ್ತಾರೆ. ತೂಕ ಕಡಿಮೆ ಇರುವ ಮಗುವಿಗೆ ನ್ಯುಮೋನಿಯಾ ಹೆಚ್ಚು ಅಪಾಯಕಾರಿ, ಹಾಗಾಗಿ ಅದಕ್ಕೇ ಮೊದಲು ಹಾಕಿಸಬೇಕು. ಮುಂದೂಡಬೇಕಾದದ್ದು ಜೋರು ಜ್ವರವಿದ್ದಾಗ ಅಥವಾ ಆಸ್ಪತ್ರೆಯಲ್ಲಿ ದಾಖಲಾಗುವಷ್ಟು ಕಾಯಿಲೆ ಇದ್ದಾಗ ಮಾತ್ರ, ಅದೂ ವಾಸಿಯಾಗುವವರೆಗೆ. ಹಿಂದಿನ ಡೋಸ್ ಹಾಕಿದ ಸ್ವಲ್ಪ ಹೊತ್ತಿಗೇ ಮೈಯೆಲ್ಲ ದದ್ದು, ಮುಖ ಊತ, ಉಸಿರಾಟದ ತೊಂದರೆ ಆಗಿದ್ದರೆ ಅದನ್ನು ಸಿಸ್ಟರ್‌ಗೆ ಮೊದಲೇ ಹೇಳಬೇಕು. ಅಂಥ ಮಗುವಿಗೆ ಆ ಲಸಿಕೆ ಮತ್ತೆ ಹಾಕುವುದಿಲ್ಲ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಲು ಹೇಳುವುದು ಇದೇ ಕಾರಣಕ್ಕೆ. ಬಸ್ಸು ತಪ್ಪುತ್ತದೆಂದು ಎದ್ದು ಬರಬೇಡಿ.

ಮಾಲೂರು ಕಡೆ ಇಟ್ಟಿಗೆ ಗೂಡುಗಳಿಗೆ ಬೇರೆ ರಾಜ್ಯದಿಂದ ಬರುವ ಕುಟುಂಬಗಳ ಮಕ್ಕಳಿಗೆ ಕಾರ್ಡೇ ಇರುವುದಿಲ್ಲ. ಯಾವುದು ಹಾಕಿದೆ, ಯಾವುದು ಇಲ್ಲ ಅಂತ ತಾಯಿಗೂ ಗೊತ್ತಿರುವುದಿಲ್ಲ. ಏನು ಮಾಡಬೇಕು?
— ಅಂಗನವಾಡಿ ಕಾರ್ಯಕರ್ತೆ, ಕೋಲಾರ ಜಿಲ್ಲೆ

ನಿಮ್ಮಂಥವರು ಕೇಳಿದ್ದಕ್ಕೇ ಆ ಮಕ್ಕಳಿಗೆ ಲಸಿಕೆ ಸಿಗುತ್ತದೆ. ಮೊದಲು ತಾಯಿಯ ಮೊಬೈಲ್ ನಂಬರ್ ಕೇಳಿ. ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ನೋಂದಣಿಯಾಗಿದ್ದರೆ ಬೇರೆ ರಾಜ್ಯದಲ್ಲಿ ಹಾಕಿದ್ದೂ ಅಲ್ಲಿ ಸಿಗುತ್ತದೆ. ಎಡತೋಳಿನ ಮೇಲೆ ಕ್ಷಯರೋಗ ತಡೆಯುವ ಬಿಸಿಜಿ ಲಸಿಕೆಯ ಗುರುತು ನೋಡಿ. "ತೊಡೆಗೆ ಎಷ್ಟು ಸಲ ಸೂಜಿ ಚುಚ್ಚಿದ್ದರು? ಬಲತೋಳಿಗೆ ಚುಚ್ಚಿದಾಗ ಮಗು ಕೂರುತ್ತಿತ್ತೋ, ನಡೆಯುತ್ತಿತ್ತೋ?" ಎಂದು ಕೇಳಿದರೆ ತಾಯಂದಿರಿಗೆ ಎಷ್ಟೋ ನೆನಪಾಗುತ್ತದೆ. ಏನೂ ತಿಳಿಯದಿದ್ದರೆ ಹಾಕಿಲ್ಲವೆಂದೇ ಲೆಕ್ಕ. ಒಂದು ಡೋಸ್ ಹೆಚ್ಚಾದರೆ ಮಗುವಿಗೆ ಹಾನಿಯಿಲ್ಲ, ಕಡಿಮೆಯಾದರೆ ಹಾನಿ. ಗೂಡಿನ ಕೆಲಸದವರಿಗೆ ವಾರದ ನಡುವೆ ಬಿಡುವು ಸಿಗುವುದಿಲ್ಲವಾದ್ದರಿಂದ, ಸಂತೆಯ ದಿನವೋ ಬಟವಾಡೆಯ ದಿನವೋ ಅಲ್ಲೇ ಲಸಿಕೆ ಹಾಕಲು ಆಗುತ್ತದೆಯೇ ಎಂದು ನಿಮ್ಮ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕೇಳಿ. ಹೊಸ ಕಾರ್ಡ್ ಕೊಟ್ಟಾಗ ತಂದೆ ತಾಯಿಯ ಫೋನಿನಲ್ಲೇ ಅದರ ಫೋಟೊ ತೆಗೆದಿಡಿ. ಕಾರ್ಡ್ ಕಳೆದರೂ ಫೋಟೊ ಉಳಿಯುತ್ತದೆ.

ನ್ಯುಮೋನಿಯಾ ಇಂಜೆಕ್ಷನ್ ಸರ್ಕಾರಿಯಲ್ಲಿ ಇಲ್ಲ, ಖಾಸಗಿಯಲ್ಲೇ ಹಾಕಿಸಬೇಕು ಅಂತ ಪಕ್ಕದ ಮನೆಯವರು ಹೇಳಿದರು. ಜತೆಗೆ ಫ್ಲೂ ಲಸಿಕೆ, ನೋವಿಲ್ಲದ ಲಸಿಕೆ ಅಂತಲೂ ಇವೆಯಂತೆ. ಯಾವುದು ಬೇಕು?
— ಒಬ್ಬ ತಂದೆ, ಕೋಲಾರ

ಪಕ್ಕದ ಮನೆಯವರ ಮಾತು ಹಳೆಯದಾಯಿತು. ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ತಡೆಯುವ ಪಿಸಿವಿ ಲಸಿಕೆ 2021ರಲ್ಲಿ ದೇಶದ ಎಲ್ಲೆಡೆ ಸರ್ಕಾರಿ ಲಸಿಕೆ ಪಟ್ಟಿಗೆ ಬಂತು. 6ನೇ ವಾರ, 14ನೇ ವಾರ ಮತ್ತು 9ನೇ ತಿಂಗಳಲ್ಲಿ, ಒಟ್ಟು ಮೂರು ಸಲ, ಪ್ರತಿ ಸಲ 0.5 ಮಿ.ಲೀ. ಬಲತೊಡೆಗೆ ಉಚಿತವಾಗಿ ಹಾಕುತ್ತಾರೆ. 9ನೇ ತಿಂಗಳದ್ದು ಬೂಸ್ಟರ್. ಮೊದಲೆರಡು ಹಾಕಿಸಿ ಇದನ್ನು ಮರೆಯುವವರು ಬಹಳ. ರಕ್ಷಣೆಯನ್ನು ಗಟ್ಟಿ ಮಾಡುವುದು ಈ ಮೂರನೆಯದೇ.

ಎದೆಯನ್ನು ಕಾಯುವುದು ಪಿಸಿವಿ ಒಂದೇ ಅಲ್ಲ. 6, 10, 14ನೇ ವಾರ ಎಡತೊಡೆಗೆ ಹಾಕುವ ಪೆಂಟಾದಲ್ಲಿ ಐದು ರೋಗಗಳ ರಕ್ಷಣೆ ಇದೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್. ಕೊನೆಯದಾದ ಹಿಬ್ ನ್ಯುಮೋನಿಯಾ ಮತ್ತು ಮೆದುಳುಪೊರೆಯ ಸೋಂಕು ತರುವ ಬ್ಯಾಕ್ಟೀರಿಯಾ. ಅದರ ಪೂರ್ಣ ಹೆಸರಿನಲ್ಲಿ "ಇನ್‌ಫ್ಲುಯೆಂಜಾ" ಎಂಬ ಪದ ಇರುವುದರಿಂದ ಪೆಂಟಾ ಹಾಕಿಸಿದರೆ ಫ್ಲೂ ಬರುವುದಿಲ್ಲ ಎಂದು ತಿಳಿಯುವವರಿದ್ದಾರೆ. ಎರಡಕ್ಕೂ ಸಂಬಂಧವಿಲ್ಲ. 9 ತಿಂಗಳು ತುಂಬಿದಾಗ ಮತ್ತು 16ರಿಂದ 24 ತಿಂಗಳೊಳಗೆ ಬಲತೋಳಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆಯನ್ನೂ ನಾವು ಎದೆಯ ಲಸಿಕೆಯೆಂದೇ ಎಣಿಸುತ್ತೇವೆ. ದಡಾರವಾದ ಮಗು ಸಾಯುವುದು ಹೆಚ್ಚಾಗಿ ನ್ಯುಮೋನಿಯಾದಿಂದ. "ಅಮ್ಮ ಆಗಿದ್ದಾಳೆ, ಬೇವಿನ ಸೊಪ್ಪು ಸಾಕು" ಎಂದು ಮನೆಯಲ್ಲೇ ಇಟ್ಟುಕೊಳ್ಳದೆ ಅದೇ ದಿನ ತೋರಿಸಿದರೆ, ಎರಡು ದಿನ ಒಂದೊಂದು ಡೋಸ್ ವಿಟಮಿನ್ ಎ ಕೊಡುತ್ತಾರೆ. ವರ್ಷ ದಾಟಿದ ಮಗುವಿಗೆ ಪ್ರತಿ ಡೋಸ್ 2 ಲಕ್ಷ ಯೂನಿಟ್, 6ರಿಂದ 11 ತಿಂಗಳವರಿಗೆ 1 ಲಕ್ಷ. ಇದರಿಂದ ಕಣ್ಣೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಇನ್ನು 16ರಿಂದ 24 ತಿಂಗಳೊಳಗಿನ ಮತ್ತು 5ರಿಂದ 6 ವರ್ಷದ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್ ಬಿಟ್ಟುಬಿಟ್ಟರೆ ಗಂಟಲುಮಾರಿ ಶಾಲೆಗೆ ಹೋಗುವ ಮಕ್ಕಳಿಗೆ ಬರಬಹುದು.

ಖಾಸಗಿಯಲ್ಲಿ ಪಿಸಿವಿಯನ್ನು 6, 10, 14 ವಾರ ಮತ್ತು ವರ್ಷ ತುಂಬಿದ ಮೇಲೆ ಬೂಸ್ಟರ್, ಹೀಗೆ ನಾಲ್ಕು ಸಲ ಹಾಕುತ್ತಾರೆ. ನ್ಯುಮೊಕಾಕಸ್‌ನ 13 ಅಥವಾ ಅದಕ್ಕೂ ಹೆಚ್ಚು ತಳಿಗಳನ್ನು ತಡೆಯುವ ಲಸಿಕೆಗಳೂ ಅಲ್ಲಿ ಸಿಗುತ್ತವೆ. ಕೈಯಲ್ಲಿ ಹಣವಿದ್ದರೆ ಹಾಕಿಸಿ. ಇಲ್ಲದಿದ್ದರೆ ಸರ್ಕಾರಿ ಮೂರು ಡೋಸ್ ಸಮಯಕ್ಕೆ ಸರಿಯಾಗಿ ಹಾಕಿಸಿದ ಮಗು ಯಾವ ರೀತಿಯಲ್ಲೂ ಅನಾಥವಲ್ಲ. ಸಾಲ ಮಾಡಿ ದುಬಾರಿಯದ್ದನ್ನು ಒಂದು ಡೋಸ್ ಹಾಕಿಸಿ ನಿಲ್ಲಿಸುವುದಕ್ಕಿಂತ ಅದು ಎಷ್ಟೋ ಮೇಲು.

ಖಾಸಗಿಯಲ್ಲಿ ಪೆಂಟಾದ ಬದಲು ಹಾಕುವ "ನೋವಿಲ್ಲದ" ಲಸಿಕೆಯಲ್ಲಿ ಸೂಜಿಯ ನೋವು ಇದ್ದೇ ಇದೆ. ಜ್ವರ, ಊತ ಕಡಿಮೆ ಬರುತ್ತದೆ ಅಷ್ಟೆ. ನಾಯಿಕೆಮ್ಮಿನ ವಿರುದ್ಧ ಸರ್ಕಾರಿ ಪೆಂಟಾದ ರಕ್ಷಣೆ ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ನಮ್ಮನ್ನು ಕೇಳಿದರೆ ಒಂದು ರಾತ್ರಿಯ ಜ್ವರ ಸಹಿಸಿ ಪೆಂಟಾವನ್ನೇ ಆರಿಸಿಕೊಳ್ಳಿ.

ಫ್ಲೂ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 6 ತಿಂಗಳಿಂದ 5 ವರ್ಷದವರೆಗೆ ಪ್ರತಿವರ್ಷ ಹಾಕಿಸಲು ಹೇಳುತ್ತದೆ. ಮೊದಲ ವರ್ಷ 4 ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ವೈರಸ್ ರೂಪ ಬದಲಿಸುವುದರಿಂದ ಹೋದ ವರ್ಷದ್ದು ಈ ವರ್ಷಕ್ಕೆ ಆಗುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಏರುವುದರಿಂದ ಮುಂಗಾರಿಗೆ ಮುಂಚೆಯೇ ಹಾಕಿಸಿರಬೇಕು. ಲಸಿಕೆಯ ಶಕ್ತಿ ಕೂಡಿಬರಲು ಎರಡು ವಾರ ಬೇಕು. ಮೇಲಿಂದ ಮೇಲೆ ಉಬ್ಬಸ ಬರುವವರು, ಹೃದಯದಲ್ಲಿ ರಂಧ್ರ ಇರುವವರು, ಅವಧಿಗೆ ಮೊದಲೇ ಹುಟ್ಟಿದವರು ಖರ್ಚು ಮಾಡಿಯಾದರೂ ಹಾಕಿಸಬೇಕು.

ಲಸಿಕೆ ಹಾಕಿದ ರಾತ್ರಿ ಜ್ವರ ಬಂದು ಮಗು ನಿದ್ದೆಯೇ ಮಾಡುವುದಿಲ್ಲ. ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು? ಬಾಟಲಿಗೊಂದು ಲೆಕ್ಕ ಇದೆ.
— ತಿಪಟೂರಿನಿಂದ

ಬಾಟಲಿಗೊಂದು ಲೆಕ್ಕ ಇರುವುದೇ ಅನಾಹುತಕ್ಕೆ ಕಾರಣ. ವಯಸ್ಸು ನೋಡಿ ಕೊಡಬೇಡಿ, ತೂಕ ನೋಡಿ ಕೊಡಿ: ಒಂದು ಸಲಕ್ಕೆ ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತದೆ. ಹನಿಬಾಟಲಿ, ಅಂದರೆ ಡ್ರಾಪ್ಸ್, ಹೆಚ್ಚಾಗಿ 1 ಮಿ.ಲೀ.ನಲ್ಲೇ 100 ಮಿ.ಗ್ರಾಂ ಇರುವಷ್ಟು ಗಟ್ಟಿ. ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ ಇರುವುದು ಒಂದು, 250 ಇರುವುದು ಇನ್ನೊಂದು.

5 ಕೆ.ಜಿ. ಕೂಸಿಗೆ ಒಂದು ಸಲಕ್ಕೆ ಬೇಕಾದದ್ದು 50ರಿಂದ 75 ಮಿ.ಗ್ರಾಂ. ಡ್ರಾಪ್ಸ್ ಆದರೆ ಅರ್ಧದಿಂದ ಮುಕ್ಕಾಲು ಮಿ.ಲೀ., 120ರ ಸಿರಪ್ ಆದರೆ 2ರಿಂದ 3 ಮಿ.ಲೀ., 250ರದ್ದಾದರೆ 1ರಿಂದ ಒಂದೂವರೆ ಮಿ.ಲೀ. 10 ಕೆ.ಜಿ. ಮಗುವಿಗೆ 120ರ ಸಿರಪ್ 4ರಿಂದ 6 ಮಿ.ಲೀ., 250ರದ್ದು 2ರಿಂದ 3 ಮಿ.ಲೀ. ಎರಡು ಸಲದ ನಡುವೆ 6 ಗಂಟೆ ಬಿಡಿ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಮನೆಯಲ್ಲಿ ಆಗುವ ತಪ್ಪು ಎಂದರೆ, ಡ್ರಾಪ್ಸ್ ಬಾಟಲಿಯಿಂದ ಸಿರಪ್‌ನ ಲೆಕ್ಕದಲ್ಲಿ ಒಂದು ಚಮಚ ಸುರಿಯುವುದು. ಆಗ ಮಗುವಿಗೆ 500 ಮಿ.ಗ್ರಾಂ ಹೋಗುತ್ತದೆ. ಹಾಗೆ ಮತ್ತೆ ಮತ್ತೆ ಕೊಟ್ಟರೆ ಯಕೃತ್ತು ಕೆಡುತ್ತದೆ. ಅಡುಗೆಮನೆ ಚಮಚ ಬಿಟ್ಟು, ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್ ಕೊಂಡು ಅದರಲ್ಲೇ ಅಳೆಯಿರಿ. ನೆಗಡಿಯ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಎರಡೂ ಕೊಟ್ಟರೆ ದುಪ್ಪಟ್ಟಾಗುತ್ತದೆ. ನಿಮೆಸುಲೈಡ್ ಇರುವ ಜ್ವರದ ಸಿರಪ್ ಮನೆಯಲ್ಲಿದ್ದರೆ ಎಸೆಯಿರಿ. 12 ವರ್ಷದೊಳಗಿನವರಿಗೆ ಅದನ್ನು 2011ರಲ್ಲೇ ನಿಷೇಧಿಸಿದ್ದಾರೆ.

ಪೆಂಟಾ ಜ್ವರ ಒಂದೆರಡು ದಿನದಲ್ಲಿ ಇಳಿಯಬೇಕು. ಚುಚ್ಚಿದ ಜಾಗಕ್ಕೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಉಜ್ಜುವುದು, ಅರಿಶಿನ, ಕಾಫಿಪುಡಿ, ಎಣ್ಣೆ ಹಚ್ಚುವುದು ಬೇಡ. ತೊಡೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೆಲವು ವಾರ ಉಳಿದರೂ ಕರಗುತ್ತದೆ. ದಡಾರ ಲಸಿಕೆಯ ಜ್ವರ ಅಥವಾ ಸಣ್ಣ ಗುಳ್ಳೆ ಬರುವುದು ಹಾಕಿದ ದಿನವಲ್ಲ, 7ರಿಂದ 12 ದಿನದ ಮೇಲೆ. ಬಿಸಿಜಿ ಜಾಗ ಕೆಲವು ವಾರದ ಮೇಲೆ ಉಬ್ಬಿ, ಒಸರಿ, ಕಲೆಯಾಗುತ್ತದೆ, ಅದಕ್ಕೆ ಮುಲಾಮು ಬೇಡ. ಮೂರು ಗಂಟೆಗೂ ಹೆಚ್ಚು ಸಮಾಧಾನವೇ ಆಗದ ಅಳು, ಬಿಳಿಚಿಕೊಂಡು ಮೈ ಸಡಿಲ ಬಿಡುವುದು, ಫಿಟ್ಸ್, ಇವು ಕಂಡರೆ ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿದ ಸಿಸ್ಟರ್‌ಗೂ ತಿಳಿಸಿ, ಅವರು ಅದನ್ನು ದಾಖಲಿಸಲೇಬೇಕು.

ಮೊಮ್ಮಗನಿಗೆ ಒಂದೂವರೆ ವರ್ಷ. ಕೆಮ್ಮಿಗೆ ದೊಡ್ಡಪತ್ರೆ ರಸ, ಜೇನು ಕೊಡುತ್ತೇನೆ, ಮೂಗಿಗೆ ಹರಳೆಣ್ಣೆ ಬಿಡುತ್ತೇನೆ, ಸ್ನಾನವಾದ ಮೇಲೆ ಸಾಂಬ್ರಾಣಿ ಹಾಕುತ್ತೇನೆ. ಸೊಸೆ ಬೇಡ ಅಂತಾಳೆ. ಮೆಡಿಕಲ್ ಸ್ಟೋರಿನ ಸಿರಪ್ ಮಾತ್ರ ತರುತ್ತಾಳೆ. ಯಾರದು ಸರಿ?
— ಒಬ್ಬ ಅಜ್ಜಿ, ಕೊರಟಗೆರೆ ತಾಲ್ಲೂಕು

ಅಜ್ಜಿ, ಜೇನಿನ ವಿಷಯದಲ್ಲಿ ನೀವೇ ಸರಿ. ವರ್ಷ ತುಂಬಿದ ಮಗುವಿಗೆ ಮಲಗುವ ಮುಂಚೆ ಅರ್ಧ ಟೀ ಚಮಚ ಜೇನು ರಾತ್ರಿ ಕೆಮ್ಮನ್ನು ತಗ್ಗಿಸುತ್ತದೆ. ವರ್ಷದೊಳಗಿನ ಕೂಸಿಗೆ ಮಾತ್ರ ನಾಲಗೆಗೆ ಸವರುವುದೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಆ ವಯಸ್ಸಿನ ಕರುಳಿನಲ್ಲಿ ಮೊಳೆತು ವಿಷ ಮಾಡಿ, ಮೈಯ ಸ್ನಾಯುಗಳನ್ನು ಸೋಲಿಸುತ್ತದೆ. ದೊಡ್ಡಪತ್ರೆ ಬಾಡಿಸಿ ಹಿಂಡಿದ ಒಂದೆರಡು ಹನಿಯ ಬಗ್ಗೆ ಈ ವಯಸ್ಸಿನಲ್ಲಿ ನಮ್ಮ ತಕರಾರಿಲ್ಲ, ಆದರೆ ಅದರ ನಂಬಿಕೆಯಲ್ಲಿ ಉಸಿರು ಎಣಿಸುವುದನ್ನು ಮರೆಯಬೇಡಿ.

ಮೂಗಿಗೆ ಎಣ್ಣೆ ಬಿಡುವುದನ್ನು ಇಂದಿನಿಂದಲೇ ನಿಲ್ಲಿಸಿ. ನೀರು ಶ್ವಾಸನಾಳಕ್ಕೆ ಹೋದರೆ ಮಗು ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ಕೆಮ್ಮು ಬರಿಸದೆ ಜಾರಿ ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಕರಗುವುದಿಲ್ಲ, ಅದೇ ನ್ಯುಮೋನಿಯಾ ಆಗುತ್ತದೆ. ಅದರ ಬದಲು ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಮೂಗಿನ ಹನಿ ತನ್ನಿ, ಔಷಧಿ ಸೇರದ ಬರೀ ಉಪ್ಪುನೀರಿನದ್ದು. ಊಟಕ್ಕೆ ಮುಂಚೆ ಮತ್ತು ಮಲಗುವ ಮುಂಚೆ ಹೊಳ್ಳೆಗೆ ಎರಡೆರಡು ಹನಿ ಬಿಟ್ಟು, ಒಂದು ನಿಮಿಷದ ಮೇಲೆ ಸಿಂಬಳವನ್ನು ತೆಳು ಬಟ್ಟೆಯ ಬತ್ತಿಯಿಂದ ತೆಗೆಯಿರಿ. ಮೂಗು ಬಿಟ್ಟರೆ ಮಗು ಉಣ್ಣುತ್ತದೆ, ಮಲಗುತ್ತದೆ.

ಸಾಂಬ್ರಾಣಿ ಹೊಗೆಯೂ ಸೌದೆ ಒಲೆಯ ಹೊಗೆಯೂ ಬೀಡಿಯ ಹೊಗೆಯೂ ಮಗುವಿನ ಎದೆಗೆ ಒಂದೇ. ಕೂದಲು ಒಣಗಿಸಲು ಒಣಬಟ್ಟೆ ಸಾಕು. ಕರ್ಪೂರ ಹಾಕಿದ ಎಣ್ಣೆ, ಮುಲಾಮುಗಳನ್ನು ಎರಡು ವರ್ಷದೊಳಗಿನವರ ಎದೆಗೂ ಮೂಗಿಗೂ ಹಚ್ಚಬೇಡಿ, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಬಿಸಿನೀರ ಪಾತ್ರೆಯ ಆವಿಯೂ ಬೇಡ, ಮಗು ಕೈ ಬೀಸಿದರೆ ಮೈಯೆಲ್ಲ ಸುಡುತ್ತದೆ.

ಇನ್ನು ಸೊಸೆಯವರಿಗೆ: ಅಂಗಡಿಯ ಕೆಮ್ಮಿನ ಸಿರಪ್ 2 ವರ್ಷದೊಳಗಿನ ಮಗುವಿಗೆ ಬೇಡವೇ ಬೇಡ, 5 ವರ್ಷದೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಎಲ್ಲ ರಾಜ್ಯಗಳಿಗೆ ತಿಳಿಸಿದೆ. ಮಧ್ಯಪ್ರದೇಶದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ಮಕ್ಕಳ ಮೂತ್ರಪಿಂಡ ಕೆಟ್ಟು ಸಾವಾದದ್ದು ಆಗಲೇ. ವಿಷ ಬೆರೆಯದ ಸಿರಪ್ ಕೂಡ ಈ ವಯಸ್ಸಿನ ಕೆಮ್ಮನ್ನು ಬೇಗ ಗುಣ ಮಾಡುವುದಿಲ್ಲ, ಮಂಪರು ಬರಿಸುತ್ತದೆ. ಮಂಪರಿನ ಮಗು ಸೋಂಕಿನಿಂದ ಸೊರಗಿದೆಯೋ ಸಿರಪ್‌ನಿಂದಲೋ ತಿಳಿಯದೆ ನಾವೂ ಕಷ್ಟಪಡುತ್ತೇವೆ. ರಾಗಿ ಸರಿ, ಬಿಸಿ ಅನ್ನ ಸಾರು, ಎದೆಹಾಲು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ. ಬಾಳೆಹಣ್ಣು, ಮೊಸರು ತಿನ್ನುವ ಮಗುವಿಗೆ ಅದನ್ನು ನಿಲ್ಲಿಸಬೇಕಾಗಿಲ್ಲ.

ಎರಡೂವರೆ ವರ್ಷದ ಮಗಳಿಗೆ ತಿಂಗಳಿಗೊಮ್ಮೆ ನೆಗಡಿಯಾಗಿ ಉಬ್ಬಸ ಬರುತ್ತದೆ. ಡಾಕ್ಟರು ಇನ್‌ಹೇಲರ್ ಬರೆದಿದ್ದಾರೆ. ಅಭ್ಯಾಸವಾಗಿಬಿಡುತ್ತದೆ ಅಂತ ಸಿರಪ್ ಕೊಡುತ್ತಿದ್ದೇವೆ. ಮನೆಯ ಹಿಂದೆಯೇ ರೇಷ್ಮೆ ಗೂಡು ಬಿಚ್ಚುವ ಘಟಕ ಇದೆ.
— ಶಿಡ್ಲಘಟ್ಟದಿಂದ

ಲೆಕ್ಕ ಹಾಕಿ ನೋಡಿ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಸಿರಪ್‌ನ 5 ಮಿ.ಲೀ.ನಲ್ಲಿ 2 ಮಿ.ಗ್ರಾಂ, ಅಂದರೆ 2000 ಮೈಕ್ರೊಗ್ರಾಂ ಔಷಧಿ ಇದೆ. ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಸ್ವಲ್ಪ ಮಾತ್ರ ಎದೆಗೆ ಬರುತ್ತದೆ. ಕೈ ನಡುಕ, ಎದೆಬಡಿತ ಬರುವುದು ಅದರಿಂದಲೇ. ಇನ್‌ಹೇಲರಿನ ಒಂದು ಒತ್ತಿಗೆ ಬರುವುದು 100 ಮೈಕ್ರೊಗ್ರಾಂ, ಇಪ್ಪತ್ತನೇ ಒಂದು ಪಾಲು, ಅದೂ ನೇರ ಶ್ವಾಸನಾಳಕ್ಕೆ. ಅಭ್ಯಾಸವಾಗುವ ಔಷಧಿ ಇದಲ್ಲ.

ಈ ವಯಸ್ಸಿಗೆ ಇನ್‌ಹೇಲರನ್ನು ಬಾಯಿಗೆ ನೇರವಾಗಿ ಹಿಡಿದರೆ ಉಪಯೋಗವಿಲ್ಲ. ಸ್ಪೇಸರ್, ಅಂದರೆ ಇನ್‌ಹೇಲರಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ, ಮತ್ತು ಮಗುವಿನ ಮುಖದ ಅಳತೆಯ ಮಾಸ್ಕ್ ಬೇಕು. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ. ಇನ್‌ಹೇಲರ್ ಚೆನ್ನಾಗಿ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ. ಮಾಸ್ಕ್ ಮೂಗು ಬಾಯಿ ಎರಡನ್ನೂ ಮುಚ್ಚಿ, ಸಂದಿ ಇಲ್ಲದಂತೆ ಒತ್ತಿ ಹಿಡಿಯಿರಿ. ಒಮ್ಮೆ ಮಾತ್ರ ಒತ್ತಿ, ಮಗು ಐದಾರು ಸಲ ಉಸಿರಾಡುವವರೆಗೆ ಹಾಗೇ ಹಿಡಿದಿರಿ. ಎರಡನೇ ಒತ್ತು ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ. ಒಟ್ಟಿಗೆ ಎರಡು ಮೂರು ಒತ್ತಿದರೆ ಔಷಧಿ ಸ್ಪೇಸರಿನ ಗೋಡೆಗೇ ಅಂಟುತ್ತದೆ. ಅಳುವ ಮಗುವಿಗೂ ಸರಿಯಾಗಿ ಇಳಿಯುವುದಿಲ್ಲ, ಆದ್ದರಿಂದ ಆರಾಮಿದ್ದಾಗ ಮಾಸ್ಕನ್ನು ಆಟಕ್ಕೆ ಕೊಟ್ಟು ಪರಿಚಯ ಮಾಡಿಸಿ. ಸ್ಪೇಸರನ್ನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ ಗಾಳಿಯಲ್ಲಿ ಒಣಗಿಸಿ. ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ವಿದ್ಯುದಂಶ ಹುಟ್ಟಿ ಔಷಧಿಯನ್ನು ಸೆಳೆದುಕೊಳ್ಳುತ್ತದೆ. ಎಷ್ಟು ಒತ್ತು, ಎಷ್ಟು ಸಲ, ಯಾವಾಗ ಆಸ್ಪತ್ರೆಗೆ ಎಂಬುದನ್ನು ನಿಮ್ಮ ವೈದ್ಯರಿಂದ ಕಾಗದದಲ್ಲಿ ಬರೆಸಿಕೊಳ್ಳಿ. ಸ್ಟೀರಾಯ್ಡ್ ಇನ್‌ಹೇಲರ್ ಕೂಡ ಕೊಟ್ಟಿದ್ದರೆ ಹಾಕಿದ ಮೇಲೆ ಮುಖ ಒರೆಸಿ, ನೀರು ಕುಡಿಸಿ.

ಈ ವಯಸ್ಸಿನಲ್ಲಿ ನೆಗಡಿಯ ಜತೆಗೆ ಮಾತ್ರ ಉಬ್ಬಸ ಬರುವ ಎಷ್ಟೋ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಸರಿಹೋಗುತ್ತಾರೆ. ಆದರೆ ಘಟಕದ ಒಲೆಯ ಹೊಗೆ, ಗೂಡಿನ ದೂಳು ಅದನ್ನು ಕೆರಳಿಸುತ್ತವೆ. ಒಲೆ ಉರಿಯುವ ಹೊತ್ತಿನಲ್ಲಿ ಆ ಕಡೆಯ ಕಿಟಕಿ ಮುಚ್ಚಿ, ಮಗುವನ್ನು ಮುಂದಿನ ಕೋಣೆಯಲ್ಲಿ ಮಲಗಿಸಿ. ರೇಷ್ಮೆ ಹುಳುಮನೆಯಲ್ಲಿ ಬ್ಲೀಚಿಂಗ್ ಪೌಡರ್, ಫಾರ್ಮಲಿನ್‌ನಂಥ ಸೋಂಕುನಿವಾರಕ ಸಿಂಪಡಿಸುವವರಿದ್ದರೆ ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ಈ ಮಗುವಿಗೆ ಫ್ಲೂ ಲಸಿಕೆ ಹಾಕಿಸಿ.

ಎಚ್‌ಎಂಪಿವಿ ಎಂಬ ಹೊಸ ವೈರಸ್‌ಗೆ ಲಸಿಕೆ ಯಾವಾಗ ಬರುತ್ತದೆ?
— ಚಿಂತಾಮಣಿಯಿಂದ

ನೆಗಡಿ, ಕೆಮ್ಮು ತರುವ ಆ ವೈರಸ್ ಹೊಸದಲ್ಲ, ವಿಜ್ಞಾನಿಗಳು ಗುರುತಿಸಿದ್ದೇ 2001ರಲ್ಲಿ. 2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಕೂಸುಗಳಲ್ಲಿ ಕಂಡಾಗ ಸುದ್ದಿಯಾಯಿತು ಅಷ್ಟೆ. ಅದಕ್ಕೆ ಲಸಿಕೆ ಇಲ್ಲ. ಆರ್‌ಎಸ್‌ವಿ ಎಂಬ ಅದರ ಹತ್ತಿರದ ಬಂಧು ನಮ್ಮ ಕೂಸುಗಳನ್ನು ಹೆಚ್ಚು ಕಾಡುತ್ತದೆ. ಈ ವೈರಸ್‌ಗಳು ಸಣ್ಣ ಶ್ವಾಸನಾಳಗಳನ್ನು ಊದಿಸಿ ಬ್ರಾಂಕಿಯೊಲೈಟಿಸ್ ತರುತ್ತವೆ. ಮೂರರಿಂದ ಐದನೇ ದಿನ ಅದರ ತೀವ್ರತೆ ಹೆಚ್ಚು, ಆಮೇಲೆ ಇಳಿಮುಖ. ಆಂಟಿಬಯೊಟಿಕ್ ಅದಕ್ಕೆ ನಾಟುವುದಿಲ್ಲ. ಮೂಗು ಬಿಡಿಸುವುದು, ಹಾಲು ಕುಡಿಸುವುದು, ಉಸಿರು ಎಣಿಸುವುದು, ಬೇಕಾದರೆ ಆಮ್ಲಜನಕ, ಇದೇ ಚಿಕಿತ್ಸೆ.

ದೊಡ್ಡ ಮಗನಿಗೆ ಆರು ವರ್ಷ, ಮೂರು ವಾರದಿಂದ ಕೆಮ್ಮು. ಕೆಮ್ಮಿ ಕೆಮ್ಮಿ ವಾಂತಿ ಮಾಡುತ್ತಾನೆ. ಈಗ ಒಂದು ತಿಂಗಳ ಕೂಸಿಗೂ ಕೆಮ್ಮು ಶುರುವಾಗಿದೆ. ನಡುವೆ ಒಂದು ಕ್ಷಣ ಉಸಿರೇ ನಿಂತಂತಾಗಿ ಮುಖ ಕಪ್ಪಾಗುತ್ತದೆ. ಜ್ವರ ಇಲ್ಲವಾದ್ದರಿಂದ ಕಾಯಬಹುದೆ?
— ಪಾವಗಡ ತಾಲ್ಲೂಕಿನಿಂದ

ಕಾಯಬೇಡಿ. ಈ ಪತ್ರಕ್ಕೆ ಮೊದಲೇ ಫೋನಿನಲ್ಲಿ ಉತ್ತರ ಕೊಟ್ಟಿದ್ದೇವೆ. ಇತರ ಮನೆಗಳಿಗೂ ಬೇಕಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಇದು ನಾಯಿಕೆಮ್ಮು ಇರಬಹುದು. ದೊಡ್ಡ ಮಗುವಿಗೆ ಕೆಮ್ಮಿನ ಕೊನೆಗೆ ಉಸಿರೆಳೆಯುವ ಸದ್ದು, ವಾಂತಿ ಬರುತ್ತದೆ. ತಿಂಗಳ ಕೂಸಿಗೆ ಆ ಸದ್ದೂ ಇರುವುದಿಲ್ಲ, ಜ್ವರವೂ ಇರುವುದಿಲ್ಲ, ಉಸಿರು ನಿಂತು ನೀಲಿಯಾಗುವುದೇ ಮೊದಲ ಗುರುತು. ಅಂಥ ಕೂಸು ಆಸ್ಪತ್ರೆಯಲ್ಲೇ ಇರಬೇಕು. ತುಮಕೂರು ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ. ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮುಂದಕ್ಕೆ.

ಪೆಂಟಾದ ಮೊದಲ ಡೋಸ್ 6ನೇ ವಾರಕ್ಕೆ. ಅಲ್ಲಿಯವರೆಗೆ ಕೂಸಿಗೆ ಸ್ವಂತ ರಕ್ಷಣೆಯಿಲ್ಲ, ಸುತ್ತಲಿನವರೇ ಅದರ ಬೇಲಿ. ದೊಡ್ಡವನ 5ರಿಂದ 6 ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯೇ ಕಾರ್ಡ್ ನೋಡಿ, ಸರ್ಕಾರಿ ಕೇಂದ್ರದಲ್ಲಿ 7 ವರ್ಷದೊಳಗೆ ಹಾಕಿಸಬಹುದು. ಮನೆಯವರೆಲ್ಲರಿಗೂ ಆಂಟಿಬಯೊಟಿಕ್ ಬೇಕಾಗಬಹುದು, ಅದನ್ನು ಆಸ್ಪತ್ರೆಯಲ್ಲಿ ಕೇಳಿ. ದೊಡ್ಡವನು ಔಷಧಿ ಶುರು ಮಾಡಿ 5 ದಿನ ಕಳೆಯುವವರೆಗೆ ಕೂಸಿನ ಕೋಣೆಗೆ ಬರುವುದು ಬೇಡ. ಗರ್ಭಿಣಿಯರಿಗೆ ಸರ್ಕಾರಿ ಕೇಂದ್ರದಲ್ಲಿ ಹಾಕುವ, ಧನುರ್ವಾಯು ಮತ್ತು ಗಂಟಲುಮಾರಿ ತಡೆಯುವ ಟಿಡಿ ಲಸಿಕೆಯಲ್ಲಿ ನಾಯಿಕೆಮ್ಮಿನ ಅಂಶ ಇಲ್ಲ. ಅದಿರುವ ಟಿಡ್ಯಾಪ್ ಖಾಸಗಿಯಲ್ಲಿ ಸಿಗುತ್ತದೆ. 27ರಿಂದ 36ನೇ ವಾರದೊಳಗೆ ಒಂದು ಡೋಸ್ ಹಾಕಿಸಿಕೊಂಡ ತಾಯಿಯ ರಕ್ತದಿಂದ ಕೂಸಿಗೆ ಹೊಟ್ಟೆಯಲ್ಲೇ ರಕ್ಷಣೆ ಹರಿಯುತ್ತದೆ. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಆ ವಾರಗಳಲ್ಲಿರುವ ಬಸುರಿ ಇದ್ದರೆ ಈ ಪುಟವನ್ನು ಅವರಿಗೆ ಕೊಡಿ.